ಮಳೆ ನೋಡದ ಉಪಗ್ರಹ

ಬಡಗಿ ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ ನಮ್ಮ ವಿಜ್ಞಾನದ ಸರ್ ಕಿವಿಯ ಮೇಲೆ ಒಂದು ತುಂಡು ಚಾಕ್‌ಪೀಸ್ ಸಿಕ್ಕಿಸಿಕೊಳ್ಳುತ್ತಿದ್ದರು. ನಿವೃತ್ತರಾಗಿ ಕಾಗವಾಡದ ಹೊರಗೆ ಒಣದ್ರಾಕ್ಷಿ ಶೆಡ್ಡು ಹಾಕಿಕೊಂಡ ಮೇಲೂ ಅದು ಅಲ್ಲಿಂದ ಇಳಿಯಲಿಲ್ಲ.

ಅವರು ಕಲಿಸಿದ ವಿಜ್ಞಾನವೇ ನನ್ನನ್ನು ದೂರದ ಸಂಶೋಧನಾ ಸಂಸ್ಥೆಯೊಂದಕ್ಕೆ ಒಯ್ದಿತು. ಉಪಗ್ರಹವೊಂದು ಆಕಾಶವನ್ನು ಪಟ್ಟೆ ಪಟ್ಟೆಯಾಗಿ ನೋಡಿ ಚಿತ್ರ ಕಳಿಸುತ್ತದೆ. ಅದರಲ್ಲಿ ನಕ್ಷತ್ರ ಯಾವುದು, ಕಲೆ ಯಾವುದು ಎಂದು ಬೇರ್ಪಡಿಸುವುದು ನನ್ನ ಕೆಲಸ. ಈ ಉಪಗ್ರಹ ನೋಡುವುದು ತೀವ್ರ ಅತಿನೇರಳೆ ಬೆಳಕನ್ನು. ಗಾಳಿ ನುಂಗಿಬಿಡುವುದರಿಂದ ಆ ಬೆಳಕು ನೆಲಕ್ಕೆ ತಲುಪುವುದೇ ಇಲ್ಲ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಸರ್ "ಹೂಂ, ಮುಂದ?" ಅನ್ನುತ್ತಿದ್ದರು, ಅಷ್ಟೇ. ಆಮೇಲೆ ನನ್ನ ನಂಬರನ್ನು ಊರಿಗೆಲ್ಲ ಹಂಚಿದರು.

ಗೋಡೆಯಿಲ್ಲದ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗಿಸುವ ದಿನಗಳು ಬಂದರೆ ನನ್ನ ಗ್ರಹಚಾರ ಶುರು. "ಅಕ್ಕಾರ, ಮಳಿ ಬರತೈತೇನ್ರಿ? ಮಾಲು ಶೆಡ್ಡಿನ್ಯಾಗ ಐತ್ರಿ." ನಮ್ಮ ಉಪಗ್ರಹ ಭೂಮಿಗೆ ಬೆನ್ನು ಹಾಕಿ ನಿಂತಿದೆ, ಮಳೆ ನೋಡುವುದಿಲ್ಲ ಅಂದರೆ, "ಆಗಲಿ ಬಿಡ್ರಿ, ಊಟಾ ಆತೇನ್ರಿ?" ಮೀಟಿಂಗಿನಲ್ಲಿದ್ದಾಗ ಫೋನು, ಜ್ವರ ಬಂದು ಮಲಗಿದ್ದಾಗ ಫೋನು. ತಲೆ ಚಿಟ್ಟು ಹಿಡಿದು ಒಂದು ದಿನ ಸರ್ ಮೇಲೇ ರೇಗಿದೆ.

"ನಾ ಏನ್ ಕೆಲಸ ಮಾಡ್ತೇನಿ ಅಂತ ನಿಮಗರ ತಿಳದೈತೇನ್ರಿ ಸರ್?"

"ಏನಬೇ ಹುಡುಗಿ, ತಿಳದದ್ದೆಲ್ಲಾ ನಿನಗ ಒಪ್ಪಸಬೇಕೇನ? ಬಂದ ಫೋನ್ ಎತ್ತು," ಅಂದು ಇಟ್ಟೇಬಿಟ್ಟರು. ನನಗೆ ಅಳುವೇ ಬಂತು. ಊರವರು ಏನಾದರೂ ಅಂದುಕೊಳ್ಳಲಿ, ಕಲಿಸಿದವರಿಗೇ ನನ್ನ ಕೆಲಸ ತಿಳಿಯದಿದ್ದರೆ ಇನ್ನು ಯಾರಿಗೆ ಹೇಳಲಿ?

ಹೋದ ವರ್ಷ ಸರ್ ತೀರಿಕೊಂಡರು. ಮಣ್ಣು ಮುಗಿಸಿ ಅವರ ಶೆಡ್ಡಿನಲ್ಲಿ ಕುಳಿತಿದ್ದೆ. ಎಲ್ಲರಿಗಿಂತ ಹೆಚ್ಚು ಫೋನ್ ಮಾಡಿ ಕಾಡಿದ್ದ ರೈತರೊಬ್ಬರು ಬಂದು, ಬಿಸಿಲಿಗೆ ಅಡ್ಡ ಕಟ್ಟಿದ್ದ ಪರದೆ ತೋರಿಸಿದರು.

"ಗಾಳಿ ಅಂದ್ರ ಈ ಪರದಿ ಇದ್ದಂಗ ಅಲ್ಲೇನ್ರಿ? ನೀವು ನೋಡೂ ಬೆಳಕು ಇದನ್ನ ದಾಟೂದಿಲ್ಲ, ಅದಕ್ಕ ಹೊರಗ ಹೋಗಿ ನೋಡಬೇಕು. ಸರ್ ನಮ್ಮನ್ನೆಲ್ಲಾ ಇಲ್ಲೇ ಕುಂದ್ರಿಸಿ, ಈ ಕಂಬದ ಮ್ಯಾಲ ಚಿತ್ರಾ ತಗದು ಹೇಳಿದ್ರು."

"ಮತ್ತ ನನಗ್ಯಾಕ ಮಳಿ ಕೇಳತಿದ್ರಿ?"

"ಸುಮ್ನ ಫೋನ್ ಮಾಡಾಕ ಸಂಕೋಚ ಆಗತೈತ್ರಿ. 'ಪರ ಊರಾಗ ಒಬ್ಬಾಕೇ ಅದಾಳ, ಏನರ ನೆವಾ ಹೇಳಿ ವಿಚಾರಿಸ್ರಿ' ಅಂತ ಸರ್ ಅಂದಿದ್ರು."

ಎಂಥ ಮನುಷ್ಯ! ನನಗೊಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಸಿಟ್ಟಿನಲ್ಲೇ ಅತ್ತೆ. ಈಗ ದ್ರಾಕ್ಷಿ ಒಣಗಿಸುವ ಕಾಲಕ್ಕೆ ಕಾಗವಾಡದ ಮಳೆಯ ಸುದ್ದಿಯನ್ನು ನಾನೇ ನೋಡಿಟ್ಟುಕೊಂಡು, ಫೋನಿಗೆ ಕಾಯುತ್ತೇನೆ.