ದೀಪ ಹಚ್ಚಿದ ಮೇಲಿನ ಕರೆ

ನನ್ನ ಮೊಮ್ಮಗಳು ಹ್ಯಾಮ್ ರೇಡಿಯೊದ ವೈರ್‌ಲೆಸ್ ಪರೀಕ್ಷೆ ಪಾಸಾಗಿ ಲೈಸೆನ್ಸ್ ಬಂದ ದಿನ ಇಳಕಲ್ಲಿನ ನಮ್ಮ ಓಣಿಗೆಲ್ಲ ಪೇಡೆ ಹಂಚಿದೆ. ಸಂಭ್ರಮದಲ್ಲಿ ಎರಡು ಮನೆಗೆ ಎರಡೆರಡು ಸಲ ಕೊಟ್ಟುಬಂದೆ. ನಾನು ಕಲಿತದ್ದು ಮೂರನೇ ಇಯತ್ತೆ; ನನ್ನ ಕೂಸು ಆಕಾಶದ ಜೊತೆ ಮಾತಾಡುತ್ತದೆ!

ಅವಳು ಮಾತಾಡುವ ರೇಡಿಯೊ ಸೆಟ್ಟು ನಮ್ಮ ಯಜಮಾನರದು. ಪೊಲೀಸ್ ವೈರ್‌ಲೆಸ್ ನೌಕರಿಯಿಂದ ನಿವೃತ್ತರಾದ ಮೇಲೆ ದಿನಾ ಬೆಳಿಗ್ಗೆ ಹತ್ತಕ್ಕೆ ಅದರಲ್ಲಿ ಬಾದಾಮಿಯ ಗೆಳೆಯರೊಬ್ಬರೊಂದಿಗೆ ಹರಟುತ್ತಿದ್ದರು. ತಮ್ಮ ಕಡೆಯ ಬೇನೆಯಲ್ಲಿ ಆ ಗೆಳೆಯರಿಂದ ಮಾತು ತೆಗೆದುಕೊಂಡಿದ್ದರು: "ಕೂಸಿನ ಮೊದಲನೇ ಕರೆಗೆ ನೀನೇ ಉತ್ತರ ಕೊಡಬೇಕಲೇ."

ಹೊತ್ತು ಗೊತ್ತುಮಾಡಿದವಳು ನಾನು. ಶುಭ ಕೆಲಸ, ದೀಪ ಹಚ್ಚಿದ ಮೇಲೆಯೇ ಆಗಲಿ ಎಂದೆ.

"ಕತ್ತಲಾದ್ರ ಬಾದಾಮಿಗಿ ಕೇಳೂದಿಲ್ಲಜ್ಜಿ," ಎಂದಳು ಮೊಮ್ಮಗಳು. "ಹಗಲೊತ್ತು ದನಿ ಮ್ಯಾಲ ಆಕಾಶಕ್ಕ ಬಡದು ನಮ್ಮ ಸುತ್ತಮುತ್ತನ ಬೀಳ್ತೈತಿ. ರಾತ್ರಿ ಭಾಳ ದೂರ ಹೋಗಿ ಬೀಳ್ತೈತಿ."

"ಅಷ್ಟು ದೂರ ಹೋಗೂ ದನಿಗಿ ನಡುವ ಬಾದಾಮಿ ಸಿಗೂದಿಲ್ಲೇನ? ಸುಮ್ನ ಕುಂದ್ರು, ಶಾಣ್ಯಾಕಿ!"

ದೊಡ್ಡವಳ ಮಾತೆಂದು ಒಪ್ಪಿದಳು. ಬಾದಾಮಿಯ ಗೆಳೆಯರಿಗೆ ಫೋನಿನಲ್ಲಿ ಹೇಳಿದಾಗ ಅವರೂ ನನ್ನ ಮಾತು ಮೀರಲಿಲ್ಲ.

ದೇವರ ಮುಂದೆ ದೀಪ ಹಚ್ಚಿ, ಸೆಟ್ಟಿಗೆ ಕುಂಕುಮವಿಟ್ಟೆ. ಅವಳು ಕರೆದಳು, ಮತ್ತೆ ಮತ್ತೆ ಕರೆದಳು. ಬರೀ ಗರಗರ ಸದ್ದು. ಕಡೆಗೆ ಲಂಕೆಯಿಂದ ಯಾರೋ ಅಪರಿಚಿತರು ಉತ್ತರಿಸಿ ಶುಭಾಶಯ ಹೇಳಿದರು. ನಾನು ಚಪ್ಪಾಳೆ ತಟ್ಟಿದೆ. ಅವಳು ತಟ್ಟಲಿಲ್ಲ.

ಆಮೇಲೆ ಬಾದಾಮಿಯಿಂದ ಫೋನು ಬಂತು. ನಡುನಡುವೆ ಕೆಮ್ಮು, ಆದರೂ ನಗು.

"ವೈನಿ, ಕಿವಿ ಹಚ್ಚಿ ಕುಂತೇ ಇದ್ನಿರಿ. ಕೂಸಿನ ದನಿ ನನ್ನ ತಲಿ ಮ್ಯಾಲ ಹಾದು ಹೋತು. ನಾಳೆ ಹತ್ತಕ್ಕ ಕರೀರಿ. ಮುಹೂರ್ತ ಸೂರ್ಯಪ್ಪಗ ಬಿಡ್ರಿ!"

ಮರುದಿನ ಹತ್ತಕ್ಕೆ ಆಕಾಶ ಸ್ವಚ್ಛವಾಗಿತ್ತು. ಬಾಗಲಕೋಟೆಯವರೊಬ್ಬರು ಎದುರಿಗೆ ಕೂತಂತೆ ಕೇಳಿಸಿದರು. ಬಾದಾಮಿ ಮಾತ್ರ ಕೇಳಿಸಲಿಲ್ಲ. ಅವರ ಮಗನಿಗೆ ಫೋನು ಮಾಡಿದೆವು. ನಸುಕಿನಲ್ಲಿ ಎದೆ ಹಿಡಿದುಕೊಂಡಿತಂತೆ, ದವಾಖಾನೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಈಗ ಅವಳು ದಿನಾ ಮಾತಾಡುತ್ತಾಳೆ. ಹುನಗುಂದದವರು, ನವನಗರದವರು "ಚಲೋ ಕೇಳಾಕತ್ತೈತ್ರಿ" ಎನ್ನುವಾಗ ನನ್ನ ಎದೆ ಉಬ್ಬುತ್ತದೆ, ಸುಳ್ಳೇಕೆ ಹೇಳಲಿ. ಆದರೆ "ನಾ ಅವತ್ತ ಹೇಳಿದ್ನಲ್ಲಜ್ಜಿ" ಎಂದು ಅವಳು ಇಂದಿಗೂ ಒಮ್ಮೆಯೂ ಅಂದಿಲ್ಲ. ಅಂದುಬಿಟ್ಟಿದ್ದರೆ ಅತ್ತು ಹಗುರಾಗುತ್ತಿದ್ದೆ.