ಸೆಳವಿಗೆ ಎದುರಾಗಿ ಹೊರಟ ದಾರ

೧೯೭೪ರ ಆಗಸ್ಟ್ ತಿಂಗಳು. ನಾನಾಗ ಮೀನುಗಾರಿಕೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿ ಕಲಘಟಗಿಯಲ್ಲಿದ್ದೆ. ವಯಸ್ಸು ಇಪ್ಪತ್ತಾರು, ಪುಸ್ತಕ ಓದಿದ ಸೊಕ್ಕು ಮೈತುಂಬ. ಮಳೆಗಾಲದಲ್ಲಿ ಬೇಡ್ತಿ ಹಳ್ಳದ ಆಳವಾದ ಮಡುಗಳಿಗೆ ಮಹಸೀರ್ ಮೀನು ಏರಿ ಬರುತ್ತದೆಯೇ ಎಂದು ನೋಡಿ ವರದಿ ಬರೆಯುವ ಕೆಲಸ ನನಗೆ ಬಿದ್ದಿತ್ತು. ಅಂಥ ಸೆಳವಿನಲ್ಲಿ ಬಲೆ ನಿಲ್ಲುವುದಿಲ್ಲ, ಗಾಳವೇ ಗತಿ.

ಗಾಳವೆಂದರೆ ಎರೆಹುಳ ಚುಚ್ಚಿದ್ದಲ್ಲ. ಹೊಳೆಯ ತಳದ ಕಲ್ಲುಗಳಿಗೆ ಅಂಟಿಕೊಂಡು ಬದುಕುವ, ಇನ್ನೂ ರೆಕ್ಕೆ ಬಲಿಯದ ಹುಳಕ್ಕೆ ನಿಂಫ್ ಎನ್ನುತ್ತಾರೆ. ಕೊಕ್ಕೆಗೆ ತೆಳುವಾದ ಸೀಸದ ತಂತಿ, ಮೊಲದ ಕೂದಲು, ಹುಂಜದ ಪುಕ್ಕ ಸುತ್ತಿ ಅದೇ ಹುಳದಂತೆ ಕಾಣುವ ಹಾಗೆ ಮಾಡುವುದು ಫ್ಲೈ ಫಿಶಿಂಗ್‌ನ ಒಂದು ಬಗೆ. ಹಳೆಯ ಅಧಿಕಾರಿಯೊಬ್ಬರು ಬಿಟ್ಟುಹೋದ ಗಾಳದ ಕೋಲು, ಅಂದರೆ ರಾಡ್, ಕಚೇರಿಯಲ್ಲಿ ಬಿದ್ದಿತ್ತು. ಸೀಸದ ಭಾರಕ್ಕೆ ನಿಂಫ್ ತಳ ಮುಟ್ಟುತ್ತದೆ. ಆದರೆ ಅಷ್ಟು ಆಳದಲ್ಲಿ ಮೀನು ಬಾಯಿ ಹಾಕಿದ್ದು ಕೈಗೆ ತಿಳಿಯುವುದಿಲ್ಲ. ದಾರ ನೀರಿಗೆ ಇಳಿಯುವ ಜಾಗದ ಮೇಲೆ ಕಣ್ಣಿಟ್ಟು, ಅದು ಒಂದು ಕ್ಷಣ ತಡೆದು ನಿಂತರೆ ರಾಡ್ ಎತ್ತಬೇಕು. ಇಷ್ಟು ಕಲಿಯಲು ನನಗೆ ಎರಡು ಮಳೆಗಾಲ ಹಿಡಿಯಿತು. ಮೊದಲ ವರ್ಷ ನಾನು ಹಿಡಿದದ್ದು ಬರೀ ನೆಗಡಿ.

ಆ ಶನಿವಾರ ಬೆಳಿಗ್ಗೆ, ಯಾವಾಗಲೂ ನನ್ನ ಜೊತೆ ಬರುತ್ತಿದ್ದ ಹಳೆಯ ಗಾಳಗಾರ ಇಮಾಮಕಾಕಾ ದಾರಿಯಲ್ಲೇ ತಕರಾರು ತೆಗೆದ.

"ಸಾಹೇಬ್ರ, ಇವತ್ತ ಆ ಮಡುವಿಗೆ ಬ್ಯಾಡ್ರಿ. ಅಲ್ಲಿ ಊರಾಗಿನ ಫಕೀರಪ್ಪ ನಾಕ ದಿನಾ ಆತು, ಕಾಣವಲ್ಲ."

ಸಂಗತಿ ಹೀಗಿತ್ತು. ಫಕೀರಪ್ಪ ತಮ್ಮ ನಾಗಪ್ಪನ ಜೊತೆ ಜಗಳಾಡಿ ಮನೆಯಿಂದ ಹೊರಬಿದ್ದಿದ್ದ. ಅವನ ಟವೆಲ್ ಮಡುವಿನ ಮೇಲಿನ ಬಂಡೆಯ ಮೇಲೆ ಸಿಕ್ಕಿತು. ಯಾರಾದರೂ ನೀರುಪಾಲಾದರೆ ಬಿದ್ದ ಜಾಗದಿಂದ ಒಂದು ತೆಂಗಿನಕಾಯಿ ತೇಲಿಬಿಟ್ಟು, ಅದು ಎಲ್ಲಿ ತಂಗುತ್ತದೋ ಅಲ್ಲಿ ಹುಡುಕುವುದು ಆ ಊರಿನ ಪದ್ಧತಿ. ಕಾಯಿ ಎರಡು ಮೈಲಿ ಕೆಳಗೆ ಹೋಗಿ ಜೊಂಡಿನಲ್ಲಿ ಸಿಕ್ಕಿಕೊಂಡಿತು. ಜನ ಎರಡು ದಿನ ಆ ಜೊಂಡನ್ನೆಲ್ಲ ಜಾಲಾಡಿದರು, ಏನೂ ಸಿಗಲಿಲ್ಲ. ಕಾಯಿ ಸುಳ್ಳು ಹೇಳುವುದಿಲ್ಲವಲ್ಲ! ಹಾಗಾದರೆ ಫಕೀರಪ್ಪ ನೀರಿಗೆ ಬಿದ್ದೇ ಇಲ್ಲ ಎಂದು ತೀರ್ಮಾನವಾಯಿತು. ಟವೆಲ್ ಇಟ್ಟು ನಾಟಕ ಮಾಡಿ, ಅಳ್ನಾವರದಲ್ಲಿ ರೈಲು ಹತ್ತಿ ಗೋವಾಕ್ಕೆ ಓಡಿಹೋಗಿದ್ದಾನೆ, ಅಲ್ಲಿ ಇನ್ನೊಬ್ಬಳಿದ್ದಾಳೆ ಎಂದು ನಾಗಪ್ಪನೇ ಹೇಳತೊಡಗಿದ. ಫಕೀರಪ್ಪನ ಹೆಂಡತಿ ಗಂಗವ್ವನಿಗೆ ಮೂರು ದಿನದಲ್ಲಿ ಗಂಡ ಬಿಟ್ಟಾಕಿ ಎಂಬ ಹೆಸರು ಬಂತು. ಸೋಮವಾರ ಅವಳನ್ನು ತವರೂರು ಕುಬಿಹಾಳಕ್ಕೆ ಅಟ್ಟುವುದೆಂದು ಮನೆಯವರು ನಿಶ್ಚಯಿಸಿದ್ದರು.

ನಾನು ಅವನ ಮಾತು ಕೇಳಲಿಲ್ಲ. ನಾವು ಮಡು ಮುಟ್ಟಿದಾಗ ಮಧ್ಯಾಹ್ನ ಹನ್ನೆರಡು. ಮಳೆ ನಿಂತಿತ್ತು. ಅಷ್ಟು ದೊಡ್ಡ ಮಡುವಿನ ಸುತ್ತ ಒಂದು ಹಕ್ಕಿಯ ದನಿಯೂ ಇರಲಿಲ್ಲ. ಟವೆಲ್ ಸಿಕ್ಕಿದ್ದ ಬಂಡೆಯ ಒಣಗಿದ ಭಾಗದ ಮೇಲೆ ಗಂಗವ್ವ ನೀರನ್ನೇ ನೋಡುತ್ತ ಕೂತಿದ್ದಳು. ಇಪ್ಪತ್ತೆರಡರ ಹುಡುಗಿ. ಗಂಡ ಕಾಣೆಯಾದ ದಿನದಿಂದ ಅಲ್ಲೇ ಕೂತಿದ್ದಾಳೆ, ಒಮ್ಮೆಯೂ ಅತ್ತಿಲ್ಲ ಎಂದು ಇಮಾಮಕಾಕಾ ಪಿಸುಗುಟ್ಟಿದ. ನನಗೋ ವರದಿಯ ಚಿಂತೆ.

"ತಂಗೀ, ಸ್ವಲ್ಪ ಬಾಜೂಕ ಸರಿಯವಾ. ನೆರಳ ಬಿದ್ದರ ಮೀನ ಬರೂದಿಲ್ಲ," ಎಂದೆ.

ಅವಳು ತಿರುಗಿ ನೋಡಲಿಲ್ಲ. "ಇಲ್ಲೇ ಅದಾರ್ರೀ ಅವ್ರು. ಎಲ್ಲಾರಿಗೂ ಹೇಳೀನಿ," ಎಂದಳು. ಅಳುವಿಲ್ಲದ, ಸಪಾಟಾದ ದನಿ.

ನಾನು ಹತ್ತು ಹೆಜ್ಜೆ ಕೆಳಗೆ ನಿಂತು ದಾರ ಬೀಸಿದೆ. ಆಳ ಹದಿನೆಂಟು ಅಡಿ. ನಿಂಫ್ ಮುಳುಗಿತು, ದಾರ ಸೆಳವಿನ ಜೊತೆ ಕೆಳಕ್ಕೆ ಸಾಗಿತು. ಆಮೇಲೆ ನಿಂತಿತು. ನಿಂತದ್ದು ನಿಧಾನವಾಗಿ ಹಿಂದಕ್ಕೆ ಹೊರಟಿತು. ಮೇಲೆ ನೊರೆ, ಕಸ, ಎಲೆ ಎಲ್ಲ ಕೆಳಗೆ ಓಡುತ್ತಿವೆ, ನನ್ನ ದಾರ ಒಂದೇ ನೀರನ್ನು ಸೀಳಿಕೊಂಡು ಗಂಗವ್ವ ಕೂತಿದ್ದ ಬಂಡೆಯ ಕಡೆಗೆ ಏರುತ್ತಿದೆ.

"ಯಾ ಅಲ್ಲಾ! ದಾರ ಉಲ್ಟಾ ಹೊಂಟೇತ್ರೀ! ಬಿಡ್ರಿ ಸಾಹೇಬ್ರ, ಕೈ ಬಿಡ್ರಿ!" ಎಂದು ಇಮಾಮಕಾಕಾ ನನ್ನ ತೋಳು ಹಿಡಿದ.

ಎಳೆದುಕೊಂಡು ಮತ್ತೆ ಬೀಸಿದೆ. ಮತ್ತೆ ಹಾಗೆಯೇ. ಮೂರನೆಯ ಸಲ ದಾರ ಬಂಡೆಯ ಬುಡದಲ್ಲಿ ತಡೆದು ನಿಂತಿತು. ಅಭ್ಯಾಸಬಲದಿಂದ ಎತ್ತಿದೆ. ಮೀನಾಗಿದ್ದರೆ ಕೊಸರುತ್ತದೆ. ಇದು ಕೊಸರಲಿಲ್ಲ, ಭಾರವಾಗಿ ಒಮ್ಮೆ ಜಗ್ಗಿಸಿಕೊಂಡು ಸಡಿಲಾಯಿತು. ಕೊಕ್ಕೆಯಲ್ಲಿ ಅಂಗೈಯಗಲದ ಬಟ್ಟೆಯ ತುಂಡು ಬಂತು. ಹಸಿರು ಬಣ್ಣದ ರವಿಕೆ ಖಣ.

ಗಂಗವ್ವ ಎದ್ದು ಬಂದಳು. ತುಂಡನ್ನು ಕೈಗೆ ತೆಗೆದುಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದು ನನ್ನ ಕುಬಸದ್ದರೀ. ಅವ್ರ ಅಂಗಿ ಹರಿದಿತ್ತು, ನಾನ ತ್ಯಾಪಿ ಹಚ್ಚಿದ್ದೆ."

ಆಗ ನನ್ನ ತಲೆ ಓಡಿತು. ಆ ಬಂಡೆ ನೀರಿನೊಳಗೆ ಅಡ್ಡಲಾಗಿ ಮೆಟ್ಟಿಲಿನಂತೆ ಚಾಚಿತ್ತು. ಅದನ್ನು ದಾಟಿ ಧುಮುಕುವ ನೀರು ಮೇಲ್ಭಾಗದಲ್ಲಿ ಮುಂದೆ ಓಡಿದರೂ, ತಳದಲ್ಲಿ ಹೊರಳಿ ಬಂಡೆಯ ಬುಡಕ್ಕೇ ತಿರುಗುತ್ತಿತ್ತು. ತೇಲುವ ಕಾಯಿಗೆ ತಳದ ನೀರಿನ ಗೊಡವೆ ಏನು?

ಇಮಾಮಕಾಕಾ ಊರಿಗೆ ಓಡಿದ. ಪೊಲೀಸರು ಬಂದರು, ಈಜುಗಾರರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಬಂಡೆಯ ಅಡಿಯಲ್ಲಿ ಗವಿಯಂಥ ಪೊಟರೆ ಇತ್ತು. ಫಕೀರಪ್ಪ ಅದರೊಳಗೆ ಇದ್ದ. ಜಾರಿ ಬಿದ್ದವನನ್ನು ನೀರು ನೇರ ಅಲ್ಲಿಗೇ ಒಯ್ದಿತ್ತು. ನಾಕು ದಿನ ಆ ಹುಡುಗಿ ಗಂಡನ ನೆತ್ತಿಯ ಮೇಲೆಯೇ ಕೂತಿದ್ದಳು.

ನಾಗಪ್ಪ ತಲೆ ತಗ್ಗಿಸಿ ನಿಂತಿದ್ದ. ಗಂಗವ್ವ ಅವನನ್ನು, ಊರವರನ್ನು, ನನ್ನನ್ನು ಒಬ್ಬೊಬ್ಬರನ್ನಾಗಿ ನೋಡಿ ಗಟ್ಟಿಯಾಗಿ ಹೇಳಿದಳು: "ಬಿಟ್ಟ ಹೋಗಿದ್ದಿಲ್ಲರೀ! ನೋಡ್ರಿ ಎಲ್ಲಾರೂ. ನನ್ನ ಬಿಟ್ಟ ಹೋಗಿದ್ದಿಲ್ಲ ಅವ್ರು!" ಆಮೇಲೆ ಕುಸಿದು ಕೂತು, ನಾಕು ದಿನದಲ್ಲಿ ಮೊದಲ ಬಾರಿಗೆ ಅತ್ತಳು. ಅವಳನ್ನು ಕುಬಿಹಾಳಕ್ಕೆ ಅಟ್ಟುವ ಮಾತು ಮತ್ತೆ ಯಾರೂ ಎತ್ತಲಿಲ್ಲ.

ವರದಿಯಲ್ಲಿ ಆ ದಿನದ ಮುಂದೆ 'ಮೀನು ಸಿಗಲಿಲ್ಲ' ಎಂದಷ್ಟೇ ಬರೆದೆ. ಮೇಲೆ ತೇಲುವುದನ್ನು ನೋಡಿ ತಳದ ಬಗ್ಗೆ ತೀರ್ಪು ಕೊಡಬೇಡಿ ಎಂದು ನಿವೃತ್ತನಾಗುವವರೆಗೂ ಕಿರಿಯರಿಗೆ ಪಾಠ ಹೇಳಿದೆ. ಅದು ಕೆಲಸದ ಅರ್ಧ ಪಾಠ. ಉಳಿದರ್ಧ ಹೇಳಲು ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಊರು ಒಂದು ಕಾಯಿಯನ್ನು ನಂಬಿತು, ನಾನು ನನ್ನ ದಾರವನ್ನು ನಂಬಿದೆ. ಇಲ್ಲೇ ಇದ್ದಾರೆ ಎಂದು ಬಾಯಿಬಿಟ್ಟು ಹೇಳಿದವಳನ್ನು ಮಾತ್ರ ನಮ್ಮಲ್ಲಿ ಒಬ್ಬರೂ ನಂಬಿರಲಿಲ್ಲ.