ದಿಬ್ಬದ ಗುಂಡಿ ಓದುವ ವೆಲ್ಡಾ

ಋತುವಿನ ಕೊನೆಯ ವಾರ, ಬುಧವಾರ. ಬೆಳಗಿನ ಆರೂ ಇಪ್ಪತ್ತು. ಸೆಪ್ಟೆಂಬರ್ ಆಗಲೇ ಸರೋವರದ ಗಾಳಿಗೆ ಚಳಿ ಹತ್ತಿಸಿದೆ. ಪೋರ್ಟ್ ಹ್ಯಾಲಮ್‌ನ ಬೇಸ್‌ಬಾಲ್ ಮೈದಾನದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಖಾಲಿ ಕುರ್ಚಿಗಳ ಸಾಲಿನಲ್ಲಿ ನಿನ್ನೆ ರಾತ್ರಿಯ ಕಡಲೆಕಾಯಿ ಸಿಪ್ಪೆ ಹಾರಾಡುತ್ತಿದೆ. ಮೈದಾನದ ನಟ್ಟನಡುವೆ, ಪಿಚರ್ ನಿಂತು ಚೆಂಡೆಸೆಯುವ ಮಣ್ಣಿನ ದಿಬ್ಬದ ಮೇಲೆ, ವೆಲ್ಡಾ ಪಾವ್ಲಿಕ್ ಮಂಡಿಯೂರಿ ಕೂತು ಒಂದು ಗುಂಡಿಯೊಳಗೆ ಕೈ ಇಟ್ಟಿದ್ದಾರೆ. ಹಸಿಮಣ್ಣಿನ ಬಕೆಟ್ಟು, ನೀರಿನ ಪೈಪು, ಮಣ್ಣು ಜಡಿಯುವ ಕಬ್ಬಿಣದ ದಿಮ್ಮಸು ಪಕ್ಕದಲ್ಲೇ ಇವೆ. ಯಾವುದನ್ನೂ ಅವರು ಇನ್ನೂ ಮುಟ್ಟಿಲ್ಲ.

"ಬಾ ಇಲ್ಲಿ, ಕೈ ಹಾಕಿ ನೋಡು," ಅನ್ನುತ್ತಾರೆ, ಈ ಋತುವಿಗೆ ಅವರ ಕೈಕೆಳಗೆ ಕೆಲಸಕ್ಕೆ ಸೇರಿಕೊಂಡ ನನಗೆ. "ಇದು ಕೋಲ್ಬಿ ಕಾಲು. ಎಡಗೈ ಹುಡುಗ ಎಸೆದಾಗ ಬಲಗಾಲು ಬಂದು ಕೂರೋ ಜಾಗ. ಜುಲೈ ತಿಂಗಳಲ್ಲಿ ಎಲ್ಲಿ ಬೀಳ್ತಿತ್ತು ಗೊತ್ತಾ? ಅಗೋ, ಅಲ್ಲಿ."

ಅವರ ಬೆರಳು ತೋರಿಸುವ ಜಾಗ ಗುಂಡಿಯಿಂದ ನಾಲ್ಕು ಬೆರಳಗಲ ಮುಂದಿದೆ. ನನ್ನ ಕಣ್ಣಿಗೆ ಎರಡೂ ಮಣ್ಣೇ.

"ನಾಲ್ಕು ಬೆರಳು ಅಂದ್ರೆ ನಿನಗೆ ಏನೂ ಅಲ್ಲ. ಎಸೆಯೋನಿಗೆ ಅದು ಒಂದು ಊರಿನಷ್ಟು ದೂರ," ಎಂದು ಮಂಡಿ ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ. "ಮೈ ಎಲ್ಲೋ ಹಿಡಿದು ಎಳೀತಿದೆ ಅವನಿಗೆ. ಭುಜಾನೋ, ಮೊಣಕೈಯೋ. ಅದಕ್ಕೆ ಹೆಜ್ಜೆ ಚಿಕ್ಕದಾಗಿದೆ. ಮೂರು ಆಟದಿಂದ ನೋಡ್ತಿದೀನಿ."

ಆ ಮೂರೂ ಆಟಗಳನ್ನು ಕೋಲ್ಬಿ ಸ್ಟ್ರಾಂಡ್ ಗೆದ್ದುಕೊಟ್ಟಿದ್ದಾನೆ. ನಮ್ಮ ಊರಿನ ತಂಡದ ಹೆಸರು ಕೊಕ್ಕರೆಗಳು. ಅಂಗಿಯ ಮೇಲೂ ಒಂದು ಕಾಲೆತ್ತಿ ನಿಂತ ಕೊಕ್ಕರೆಯೇ. ಕೊನೆಯ ಸುತ್ತಿನ ಆಟಗಳಿಗೆ ಈ ಕೊಕ್ಕರೆಗಳು ಹೋಗಿ ಹತ್ತೊಂಬತ್ತು ವರ್ಷವಾಯಿತು. ಈ ಸಲ ಭಾನುವಾರದ ಒಂದು ಆಟ ಗೆದ್ದರೆ ಸಾಕು. ಅವತ್ತು ಎಸೆಯುವ ಸರದಿ ಕೋಲ್ಬಿಯದೇ. ವಯಸ್ಸು ಇಪ್ಪತ್ತೆರಡು. ಅವನನ್ನು ನೋಡಲೆಂದೇ ದೊಡ್ಡ ಲೀಗಿನ ತಂಡವೊಂದರ ಕಡೆಯವರು ಅಂದು ಬರುತ್ತಾರೆ ಅಂತ ಊರಿಗೆಲ್ಲ ಗೊತ್ತು. ಅವನ ಹೆಜ್ಜೆ ಚಿಕ್ಕದಾಗಿರುವುದು ಮಾತ್ರ ವೆಲ್ಡಾ ಒಬ್ಬರಿಗೆ ಗೊತ್ತು. ಈಗ ನನಗೆ.

ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ವೆಲ್ಡಾ ಸೇರಿ ಮೂವತ್ತೊಂದು ವರ್ಷ. ಅದಕ್ಕೂ ಮುಂಚೆ ಇದೇ ಮೈದಾನದಲ್ಲಿ ಕುತ್ತಿಗೆಗೆ ಡಬ್ಬಿ ನೇತುಹಾಕಿಕೊಂಡು ಬಿಸಿ ಕಡಲೆಕಾಯಿ ಮಾರುತ್ತಿದ್ದರು. ಒಂದು ದಿನ ಆಟದ ಮಧ್ಯೆ ಜೋರು ಮಳೆ. ದಿಬ್ಬಕ್ಕೆ ಟಾರ್ಪಾಲು ಹೊದೆಸಲು ಆಳು ಸಾಲದೆ ಒದ್ದಾಡುತ್ತಿದ್ದಾಗ, ಕಡಲೆಕಾಯಿ ಡಬ್ಬಿ ಕೆಳಗಿಟ್ಟು ಓಡಿದವರು ಇವರು. "ಓಡಿದ್ದೇನೋ ಓಡಿದೆ, ವಾಪಸ್ ಬರೋಷ್ಟರಲ್ಲಿ ಕಡಲೆಕಾಯಿ ಪೂರ್ತಿ ಯಾರೋ ತಿಂದು ಮುಗಿಸಿದ್ರು. ಇನ್ನು ಆ ಕೆಲಸಕ್ಕೆ ಹೋಗೋಕೆ ಮುಖ ಇರ್ಲಿಲ್ಲ. ಮಣ್ಣಿನ ಕೆಲಸಕ್ಕೇ ಉಳ್ಕೊಂಡೆ."

ಕಲಿಸಿದವರು ಯಾರೂ ಇಲ್ಲ. ಯಾವ ಮಣ್ಣು ನೀರು ಕುಡಿಯುತ್ತದೆ, ಯಾವುದು ಉಗಿಯುತ್ತದೆ ಎಂಬುದನ್ನೆಲ್ಲ ಕೈಯಲ್ಲೇ ತಿಳಿದುಕೊಂಡರು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಊರಿನಲ್ಲಿ ಐವತ್ತು ಆಟ. ಒಂದೊಂದು ಆಟವಾದ ಮೇಲೂ ಗುಂಡಿ ಗುಡಿಸಬೇಕು, ನೀರು ಚಿಮುಕಿಸಬೇಕು, ಎರಡು ಬಕೆಟ್ ಹಸಿಮಣ್ಣು ತುಂಬಬೇಕು, ನೂರಿನ್ನೂರು ಸಲ ದಿಮ್ಮಸಿನಿಂದ ಜಡಿಯಬೇಕು. ಬೇರೆ ಊರುಗಳಲ್ಲಿ ಆಟ ಮುಗಿದ ಕೂಡಲೇ ತುಂಬಿಬಿಡುತ್ತಾರೆ. ವೆಲ್ಡಾ ರಾತ್ರಿ ಬರೀ ಟಾರ್ಪಾಲು ಮುಚ್ಚಿ ಹೋಗುತ್ತಾರೆ, ಬೆಳಿಗ್ಗೆ ಬಂದು ಮೊದಲು ನೋಡುತ್ತಾರೆ, ಆಮೇಲೆ ತುಂಬುತ್ತಾರೆ. ದಿನಪತ್ರಿಕೆ ಓದದೆ ರದ್ದಿಗೆ ಹಾಕೋಕಾಗುತ್ತಾ ಅನ್ನುವುದು ಅವರ ವಾದ. ಚಳಿಗಾಲದಲ್ಲಿ ಮೈದಾನ ಹಿಮದಡಿ ಮಲಗಿದಾಗ ಶಾಲೆಯ ಅಡುಗೆಮನೆಯಲ್ಲಿ ಸೂಪು ಬಡಿಸುತ್ತಾರೆ. ಗಂಡ ದೋಣಿ ರಿಪೇರಿಯವರು, ತೀರಿಕೊಂಡು ಒಂಬತ್ತು ವರ್ಷ. ಎರಡೂ ಮಂಡಿ ಸವೆದಿವೆ.

ಬಾಯಿ ಮಾತ್ರ ಸವೆದಿಲ್ಲ. ತಂಡದ ವಿಷಯ ತೆಗೆದರೆ ಕೈಯಲ್ಲಿ ದಿಮ್ಮಸು ಇದೆ ಅನ್ನುವುದೂ ಮರೆತುಹೋಗುತ್ತದೆ.

"ಮೇ ತಿಂಗಳಲ್ಲಿ ಎರಡನೇ ಬೇಸ್ ಕಾಯ್ತಿದ್ದ ಹುಡುಗನ್ನ ಬೇರೆ ತಂಡಕ್ಕೆ ಕೊಟ್ಬಿಟ್ರಲ್ಲ, ಅವತ್ತು ನನಗೆ ಊಟ ಸೇರ್ಲಿಲ್ಲ. ಬ್ಯಾಟಲ್ಲಿ ಏನೂ ಇಲ್ಲವಂತೆ! ಅವನ ಹೆಜ್ಜೆ ಗುರುತು ನೋಡ್ಬೇಕಿತ್ತು. ಚೆಂಡು ಬ್ಯಾಟಿಗೆ ತಾಗೋ ಮೊದ್ಲೇ ಎರಡು ಹೆಜ್ಜೆ ಸರಿದಿರ್ತಿದ್ದ. ಅವನ ಬದಲು ತಂದ್ರಲ್ಲ, ದೊಡ್ಡ ಹೊಡೆತದ ಮಹಾರಾಯ, ಅವನು ನಿಂತ ಜಾಗದಲ್ಲಿ ಹುಲ್ಲು ಬೆಳೆದ್ರೂ ಬೆಳೀತು. ಅಷ್ಟು ಅಲ್ಲಾಡ್ತಾನೆ. ಎಸೆತ ಹಿಡಿಯೋಕೆ ಮೂರು ಜನ ಕ್ಯಾಚರ್ ಬೇರೆ ಇಟ್ಕೊಂಡಿದಾರೆ. ಮೂರ್ ಮೂರು ಯಾಕೆ, ಇಸ್ಪೀಟಾಡೋಕಾ? ಅದರ ಬದಲು ಮೈದಾನದ ಹೊರ ಅಂಚಲ್ಲಿ ಓಡಿ ಚೆಂಡು ಹಿಡಿಯೋನೊಬ್ಬನ್ನ ತಂದಿದ್ರೆ ಜೂನಲ್ಲಿ ಸತತ ಏಳು ಆಟ ಸೋಲ್ತಿರ್ಲಿಲ್ಲ."

ಇದೇ ಮಾತುಗಳನ್ನು ಅವರು ಮತ್ತೆ ಹೇಳುವುದು ಊರಿನ ಜೋಯೆಟ್‌ಳ ಹೋಟೆಲಿನಲ್ಲಿ, ಬೆಳಿಗ್ಗೆ ಎಂಟಕ್ಕೆ, ಮೊಟ್ಟೆ ಮತ್ತು ಹುರಿದ ಆಲೂಗಡ್ಡೆಯ ಮುಂದೆ. ಎದುರಾಳಿ ಯಾವಾಗಲೂ ಮಾರ್ವ್, ರೈಲ್ವೆಯಿಂದ ನಿವೃತ್ತ. ಈ ವರ್ಷ ಅವರಿಬ್ಬರ ಜಗಳ ಒಬ್ಬನ ಮೇಲೇ: ಎಲಿಯೇಸರ್ ಪಿನ್ಯಾ. ವೆನೆಜುವೆಲಾದ ಪಿಚರ್, ಮೂವತ್ತೇಳು ವರ್ಷ. ಜೂನ್‌ನಲ್ಲೇ ಅವನನ್ನು ಕೈಬಿಡಬೇಕಿತ್ತು ಅಂತ ಇಡೀ ಹೋಟೆಲು. ಇಟ್ಟುಕೊಂಡದ್ದೇ ಈ ಋತುವಿನ ಒಂದೇ ಒಂದು ಬುದ್ಧಿವಂತ ಕೆಲಸ ಅಂತ ವೆಲ್ಡಾ.

"ಆ ಅಜ್ಜನ ಚೆಂಡು ಬಂದು ತಲುಪೋಷ್ಟರಲ್ಲಿ ನಾನು ಇನ್ನೊಂದು ಮೊಟ್ಟೆ ಬೇಯಿಸ್ಕೊಂಡು ತಿನ್ನಬಹುದು," ಅನ್ನುತ್ತಾರೆ ಮಾರ್ವ್.

"ತಿಂದು ಕೈ ತೊಳ್ಕೊಂಡು ಬಂದ್ರೂ ನಿನ್ನ ಕೈಲಿ ಅದನ್ನ ಹೊಡೆಯೋಕಾಗಲ್ಲ ಬಿಡು. ಅವನ ಗುಂಡಿ ಒಂದೇ ಕಣಯ್ಯಾ. ಮೊದಲನೇ ಎಸೆತಕ್ಕೂ ತೊಂಬತ್ತನೇ ಎಸೆತಕ್ಕೂ ಅದೇ ಜಾಗ."

"ಗುಂಡಿ ನೋಡಿ ತಂಡ ಕಟ್ಟೋಕಾಗುತ್ತೇನೇ?"

"ನಿನ್ನ ಹಾಗೆ ಮೊಟ್ಟೆ ನೋಡಿ ಕಟ್ಟೋದಕ್ಕಿಂತ ವಾಸಿ."

ಆ ಬುಧವಾರ ಹೋಟೆಲಿನಲ್ಲಿ ಹಬ್ಬದ ಗಲಾಟೆ. ಭಾನುವಾರ ಕೋಲ್ಬಿ ಎಷ್ಟು ಜನರನ್ನು ಬರಿಗೈಲಿ ಕಳಿಸುತ್ತಾನೆ ಎಂದು ಪಂಥ ಕಟ್ಟುತ್ತಿದ್ದಾರೆ. ವೆಲ್ಡಾ ಕಾಫಿ ಕಪ್ಪಿನ ಬಾಯಿಯ ಮೇಲೆ ಬೆರಳಾಡಿಸುತ್ತಾ ಕೂತಿದ್ದಾರೆ. "ಏನೇ, ನಾಲಿಗೆ ಮನೇಲಿ ಬಿಟ್ಟು ಬಂದ್ಯಾ?" ಎಂದು ಮಾರ್ವ್ ಕೆಣಕಿದಾಗ ವೆಲ್ಡಾ ಕಾಸಿಟ್ಟು ಎದ್ದುಬಿಡುತ್ತಾರೆ.

ಮೈದಾನದ ಕೆಲಸದವರಲ್ಲಿ ಒಂದು ಕಟ್ಟಳೆಯಿದೆ. ಎಲ್ಲೂ ಬರೆದಿಟ್ಟಿಲ್ಲ, ಎಲ್ಲರೂ ಪಾಲಿಸುತ್ತಾರೆ. ಮಣ್ಣಿನವರು ಮಣ್ಣಿನ ಮಾತಷ್ಟೇ ಆಡಬೇಕು. ಆಟಗಾರನ ಮೈ, ಅವನ ನೋವು, ಅವನ ಸರದಿ ಇವೆಲ್ಲ ಮ್ಯಾನೇಜರಿಗೆ ಬಿಟ್ಟದ್ದು. ಗುಂಡಿಯಲ್ಲಿ ಕಂಡದ್ದನ್ನು ಗುಂಡಿಯಲ್ಲೇ ಮುಚ್ಚಬೇಕು.

ವೆಲ್ಡಾ ಒಂದು ಸಲ ಹಾಗೆಯೇ ಮುಚ್ಚಿದ್ದರು. ಹೋಟೆಲಿನಿಂದ ವಾಪಸು ನಡೆಯುತ್ತಾ ಅದನ್ನು ಹೇಳುತ್ತಾರೆ. ಹದಿನಾಲ್ಕು ವರ್ಷದ ಹಿಂದೆ ಟಾಡ್ ಲಾಸ್ಕಿ ಅಂತ ಒಬ್ಬ ಪಿಚರ್. ಅವನ ಗುಂಡಿಯೂ ಹೀಗೇ ಹಿಂದಕ್ಕೆ ಬರಲು ಶುರುವಾಯಿತು.

"ನನ್ನ ಮಣ್ಣೇ ಸರಿಯಿಲ್ಲ, ಜಾರುತ್ತೆ, ಅದಕ್ಕೆ ಹೆದರಿ ಹೆಜ್ಜೆ ಚಿಕ್ಕದು ಹಾಕ್ತಿದಾನೆ ಅಂದ್ಕೊಂಡೆ. ಕಾಲು ಹೊಸದಾಗಿ ಎಲ್ಲಿ ಬೀಳ್ತಿತ್ತೋ ಅಲ್ಲೇ ಇಟ್ಟಿಗೆಯಂಥ ಗಟ್ಟಿ ಜೇಡಿ ಜಡಿದು ಒಂದು ಪೀಠ ಮಾಡಿಕೊಟ್ಟೆ. ಬಂದು ಕೈ ಹಿಡ್ಕೊಂಡ. 'ಮಿಸ್ ವೆಲ್ಡಾ, ಈಗ ಕಾಲು ಎಷ್ಟು ಚೆನ್ನಾಗಿ ನಿಲ್ಲುತ್ತೆ!' ಅಂದ. ನಾನು ಅವತ್ತು ಮನೆವರೆಗೂ ಹಾಡು ಹೇಳ್ಕೊಂಡು ಹೋದೆ."

ಟಾಡ್ ಆ ಪೀಠದ ಮೇಲೆ ಇನ್ನೂ ಐದು ಆಟ ಎಸೆದ. ಆರನೆಯದರಲ್ಲಿ ಮೊಣಕೈಯೊಳಗಿನ ಸ್ನಾಯು ಹರಿಯಿತು. ಈಗ ಪಕ್ಕದ ಊರಿನಲ್ಲಿ ಗ್ಯಾರೇಜಿಗೆ ಬಾಗಿಲು ಕೂರಿಸುತ್ತಾನೆ. ಭಾರವನ್ನೆಲ್ಲ ಎಡಗೈಯಲ್ಲೇ ಎತ್ತುತ್ತಾನಂತೆ.

"ನೋಯಬೇಕಿತ್ತು ಅವನಿಗೆ. ನೊಂದಿದ್ರೆ ನಿಲ್ಲಿಸ್ತಿದ್ದ. ನೋಯದ ಹಾಗೆ ನಾನು ಮಾಡಿಕೊಟ್ಟೆ. ತಂಡ ಗೆಲ್ತಿತ್ತು ನೋಡು, ನನಗೂ ಗೆಲ್ಲೋದು ಬೇಕಿತ್ತು."

ಗುರುವಾರ ಮಧ್ಯಾಹ್ನ ಮ್ಯಾನೇಜರ್ ರಟ್ಲೆಜ್ ಆಟಗಾರರ ಬೆಂಚಿನಲ್ಲಿ ಒಬ್ಬರೇ ಕೂತು ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆ ಉಗಿಯುತ್ತಿದ್ದಾಗ ವೆಲ್ಡಾ ಹೋಗಿ ಎದುರು ನಿಲ್ಲುತ್ತಾರೆ. ನಾನು ನೀರಿನ ಪೈಪು ಸುತ್ತುವ ನೆಪದಲ್ಲಿ ಅಲ್ಲೇ ಇದ್ದೇನೆ.

"ಏನು ವೆಲ್ಡಾ, ಮಣ್ಣಿನ ವಿಷಯವಾ?"

"ಮಣ್ಣಿಂದೇ. ಕೋಲ್ಬಿ ಕಾಲು ನಾಲ್ಕು ಬೆರಳು ಹಿಂದೆ ಬೀಳ್ತಿದೆ. ಮೂರು ಆಟ ಆಯ್ತು."

"ಮೂರೂ ಗೆದ್ದಿದಾನಲ್ಲ?"

"ಗೆದ್ದಿದಾನೆ."

"ನೋವು ಅಂತ ಅವನೇನೂ ಹೇಳಿಲ್ಲ."

"ಭಾನುವಾರ ದೊಡ್ಡ ತಂಡದವರು ನೋಡೋಕೆ ಬರ್ತಿರುವಾಗ ನಿಮ್ಮನ್ನ ಇಪ್ಪತ್ತೆರಡನೇ ವಯಸ್ಸಲ್ಲಿ ಕೇಳಿದ್ರೆ ನೀವು ಹೇಳ್ತಿದ್ರಾ?"

ರಟ್ಲೆಜ್ ದಿಬ್ಬದ ಕಡೆ ನೋಡಿ, ಬಾಯಲ್ಲಿದ್ದ ಸಿಪ್ಪೆ ಉಗಿಯುತ್ತಾರೆ. "ನೀನು ಹುಲ್ಲು ನೋಡ್ಕೋ ವೆಲ್ಡಾ," ಅನ್ನುತ್ತಾರೆ.

ಆದರೆ ಶುಕ್ರವಾರ ಬೆಳಿಗ್ಗೆ ರಟ್ಲೆಜ್ ಕೋಲ್ಬಿಯನ್ನು ದಿಬ್ಬಕ್ಕೆ ಕರೆಸಿ, ಪಿಚರ್ ಹಿಂಗಾಲು ಊರುವ ರಬ್ಬರ್ ಪಟ್ಟಿಯಿಂದ ಮುಂಗಾಲು ಬೀಳುವ ಜಾಗದವರೆಗೆ ಟೇಪು ಹಿಡಿದು ಇಪ್ಪತ್ತು ಚೆಂಡು ಎಸೆಸುತ್ತಾರೆ. ಶನಿವಾರ ಆಟಗಾರರ ಹೆಸರಿನ ಪಟ್ಟಿ ಗೋಡೆಗೆ ಬೀಳುತ್ತದೆ. ಭಾನುವಾರದ ಪಿಚರ್: ಎಲಿಯೇಸರ್ ಪಿನ್ಯಾ. ಪತ್ರಿಕೆಯವರಿಗೆ ರಟ್ಲೆಜ್ ಹೇಳಿದ್ದು ಎರಡೇ ಪದ: "ನನ್ನ ತೀರ್ಮಾನ."

ಕೋಲ್ಬಿಗೆ ಹೇಗೋ ತಿಳಿದಿದೆ. ಸಂಜೆ ಮೈದಾನದ ಅಂಚಿನ ಬಿಳಿಗೆರೆಗೆ ಸುಣ್ಣ ಹಾಕುತ್ತಿದ್ದ ವೆಲ್ಡಾರ ಮುಂದೆ ಬಂದು ನಿಲ್ಲುತ್ತಾನೆ.

"ಮಿಸ್ ವೆಲ್ಡಾ, ನೀವಾ ಹೇಳಿದ್ದು?"

"ಹೌದಪ್ಪಾ, ನಾನೇ."

"ಅವರು ನನ್ನ ನೋಡೋಕೆ ಅಷ್ಟು ದೂರದಿಂದ ಬರ್ತಿದ್ರು. ಮತ್ತೆ ಬರ್ತಾರಾ ಅವರು? ನೀವು ಹೇಳಿ, ಬರ್ತಾರಾ?"

"ನನಗೆ ಗೊತ್ತಿಲ್ಲ ಮಗಾ."

ಅವನು ತಿರುಗಿ ಹೊರಡುತ್ತಾನೆ. ಅಪಶಕುನವೆಂದು ಆಟಗಾರರು ಎಂದೂ ತುಳಿಯದ ಆ ಬಿಳಿಗೆರೆಯನ್ನು ಬೇಕೆಂದೇ ತುಳಿದುಕೊಂಡು ಹೋಗುತ್ತಾನೆ. ವೆಲ್ಡಾ ಬಗ್ಗಿ, ಹೆಜ್ಜೆ ಬಿದ್ದಲ್ಲಿ ಮತ್ತೆ ಸುಣ್ಣ ಹಾಕುತ್ತಾರೆ.

ಭಾನುವಾರ ಆರು ಸಾವಿರ ಜನ. ಎಲಿಯೇಸರ್ ಏಳು ಇನಿಂಗ್ಸ್ ಎಸೆದು ಎರಡೇ ಓಟ ಕೊಡುತ್ತಾನೆ. ನಾವೂ ಎರಡು ಮಾಡಿದ್ದೇವೆ. ಎಂಟನೆಯದರಲ್ಲಿ ಅವನ ಜಾಗಕ್ಕೆ ಬಂದವನ ಎಸೆತದಲ್ಲಿ ಒಂದು ಸಾಮಾನ್ಯ ಚೆಂಡು ಎರಡನೇ ಬೇಸಿನ ಪಕ್ಕ ಉರುಳಿ ಹೋಗುತ್ತದೆ. ನಮ್ಮ ದೊಡ್ಡ ಹೊಡೆತದ ಮಹಾರಾಯ ನಿಂತಲ್ಲೇ ನಿಂತಿದ್ದಾನೆ. ಅವರಿಗೆ ಮೂರು, ನಮಗೆ ಎರಡು; ಕೊನೆಯ ಒಂಬತ್ತನೆಯದರಲ್ಲೂ ಅದು ಬದಲಾಗುವುದಿಲ್ಲ. ಮುಗಿಯಿತು ಋತು. ಹೊರಗೆ ಹೋಗುವಾಗ ಎಲಿಯೇಸರ್, ಟಾರ್ಪಾಲು ಎಳೆಯುತ್ತಿದ್ದ ವೆಲ್ಡಾರ ಹತ್ತಿರ ನಿಂತು ಟೋಪಿ ತೆಗೆದು "ದೋನ್ಯಾ ವೆಲ್ಡಾ, ಮಣ್ಣು ಇವತ್ತು ಚೆನ್ನಾಗಿತ್ತು" ಅಂದು ಹೋಗುತ್ತಾನೆ. ಅಮ್ಮನವರೇ ಅಂದ ಹಾಗೆ ಅವನು ಎಲ್ಲ ಹಿರಿಯ ಹೆಂಗಸರನ್ನೂ ಹಾಗೇ ಕರೆಯುವುದು.

ಸೋಮವಾರ ಜೋಯೆಟ್‌ಳ ಹೋಟೆಲಿನಲ್ಲಿ ರಟ್ಲೆಜ್‌ಗೆ ಸಹಸ್ರನಾಮ ನಡೆಯುತ್ತಿದೆ. ಗೆಲ್ಲಿಸುವ ಹುಡುಗನನ್ನು ಬೆಂಚಿಗೆ ಕೂರಿಸಿ ಅಜ್ಜನನ್ನು ಇಳಿಸಿದ ಮ್ಯಾನೇಜರನ್ನು ಊರು ಬಿಡಿಸಬೇಕು ಅಂತ ಮಾರ್ವ್ ಮೇಜು ಕುಟ್ಟುತ್ತಿದ್ದಾರೆ. ವೆಲ್ಡಾ ಫೋರ್ಕು ಕೆಳಗಿಡುತ್ತಾರೆ. ಸುಮ್ಮನಿದ್ದರೆ ಈ ಹೋಟೆಲಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ರಟ್ಲೆಜ್ ಬಾಯಿ ಬಿಡುವವರಲ್ಲ.

"ಅವರನ್ನ ಬೈಬೇಡ ಮಾರ್ವ್. ಹೋಗಿ ಹೇಳಿದ್ದು ನಾನು."

ವೆಲ್ಡಾ ಎಲ್ಲವನ್ನೂ ಹೇಳುತ್ತಾರೆ. ನಾಲ್ಕು ಬೆರಳು, ಟಾಡ್, ಇಟ್ಟಿಗೆಯಂಥ ಜೇಡಿ, ಎಲ್ಲ. ಮಾರ್ವ್ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ.

"ಹತ್ತೊಂಬತ್ತು ವರ್ಷ ಕಣೇ ವೆಲ್ಡಾ."

"ನನಗೂ ಹತ್ತೊಂಬತ್ತೇ, ಮಾರ್ವ್."

ಎರಡು ದಿನ ಆ ಮೇಜಿನಲ್ಲಿ ಅವರ ಪಕ್ಕ ಯಾರೂ ಕೂರುವುದಿಲ್ಲ. ಮೂರನೆಯ ದಿನ ಮಾರ್ವ್ ತಮ್ಮ ತಟ್ಟೆ ಎತ್ತಿಕೊಂಡು ಬಂದು ಎದುರಿಗೆ ಕೂತು, ಮುಖ ನೋಡದೆ, "ಎರಡನೇ ಬೇಸಿನವನ ವಿಷಯದಲ್ಲಿ ನೀನು ಹೇಳಿದ್ದು ಸರಿ. ಅದೊಂದೇ ವಿಷಯದಲ್ಲಿ," ಅನ್ನುತ್ತಾರೆ. "ಅದೊಂದಕ್ಕೇ ಇಷ್ಟು ದಿನ ಬೇಕಾಯ್ತಾ ನಿನಗೆ?" ಅಂತ ವೆಲ್ಡಾ ಉಪ್ಪಿನ ಡಬ್ಬಿ ಅವರ ಕಡೆ ಸರಿಸುತ್ತಾರೆ.

ಆ ವಾರ ಕೋಲ್ಬಿಯ ಕೈ ಪರೀಕ್ಷೆಯೂ ಆಗಿದೆ. ಮೊಣಕೈಯಲ್ಲಿ ಊತ ಇದೆ, ಸ್ನಾಯು ಹರಿದಿಲ್ಲ. ಭಾನುವಾರ ಎಸೆದಿದ್ದರೆ ಹರಿಯುತ್ತಿತ್ತೋ, ಇಲ್ಲ ಗೆದ್ದು ಮೇಲಕ್ಕೆ ಹೋಗಿಬಿಡುತ್ತಿದ್ದನೋ, ಡಾಕ್ಟರು ಹೇಳಲಾರರು. ನೋಡಲು ಬಂದಿದ್ದ ದೊಡ್ಡ ತಂಡದವರು ಅವನ ಫೋನ್ ನಂಬರು ಬರೆದುಕೊಂಡು ಹೋಗಿದ್ದಾರಂತೆ. ಆಮೇಲೆ ಕರೆ ಬಂದಿಲ್ಲ. ಅವನು ಸಾಮಾನು ಕಟ್ಟಿಕೊಂಡು ಊರಿಗೆ ಹೊರಟಾಗ ಎಲ್ಲರಿಗೂ ಕೈಕೊಟ್ಟ, ವೆಲ್ಡಾರ ಹತ್ತಿರ ಬರಲಿಲ್ಲ.

"ತಪ್ಪು ಮಾಡಿದೆ ಅನ್ಸುತ್ತಾ?" ಅಂತ ಕೇಳುತ್ತೇನೆ. ಚಳಿಗಾಲಕ್ಕೆ ದಿಬ್ಬ ಮುಚ್ಚುವ ಕೆಲಸ ನಡೆದಿದೆ. ವೆಲ್ಡಾ ಟಾರ್ಪಾಲಿನ ಅಂಚಿಗೆ ಇನ್ನೊಂದು ಮರಳು ಚೀಲ ಇಡುತ್ತಾರೆ.

"ರಾತ್ರಿ ಒಂದು ಥರ ಅನ್ಸುತ್ತೆ, ಬೆಳಿಗ್ಗೆ ಒಂದು ಥರ. ಅನ್ನಿಸ್ಲಿ ಬಿಡು. ನನಗೆ ಬೇಕಿರೋದು ಇಷ್ಟೇ. ಏಪ್ರಿಲ್‌ಗೆ ಆ ಹುಡುಗ ಎಲ್ಲಾದ್ರೂ ಎಸೀಬೇಕು. ನಮ್ಮ ತಂಡಕ್ಕೇ ಅಂತಿಲ್ಲ. ಬೇಕಾದ್ರೆ ಎದುರಾಳಿ ಅಂಗಿ ಹಾಕ್ಕೊಂಡು ಬಂದು, ನನ್ನ ಬೈಕೊಂಡೇ ಎಸೆದು, ನಮ್ಮನ್ನ ಸೋಲಿಸಿ ಹೋಗ್ಲಿ. ಮಾರನೇ ದಿನ ಬೆಳಿಗ್ಗೆ ಅವನ ಕಾಲು ಎಲ್ಲಿ ಬಿದ್ದಿದೆ ಅಂತ ನಾನು ನೋಡ್ಕೋತೀನಿ."